"ಟೊಯೋಟಾ ತರದ ಕಂಪನಿ ಬರುತ್ತಂತೆ" ಅಂತ ಸಹಿ ಹಾಕೋ ಮೊದಲು

ಈ ಸಲ ಹುಳದ ವಿಚಾರ ಬರೆಯಲ್ಲ, ಜಮೀನಿನ ವಿಚಾರ ಬರೀತೀನಿ. ಸ್ವಲ್ಪ ಉದ್ದ ಇದೆ. ರಾತ್ರಿ ಹುಳಕ್ಕೆ ಸೊಪ್ಪು ಹಾಕಿ ಕೂತಾಗ ಓದಿ.

ಹೋದ ಭಾನುವಾರ ನಮ್ಮ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ವು. ಈ ಹೊತ್ತಲ್ಲಿ ಮನೆಯವರಿಗೆಲ್ಲ ಪುರುಸೊತ್ತು ಇರಲ್ಲ ಅಂತ ನಿಮಗೆ ಗೊತ್ತೇ ಇದೆ. ನಾನು ಸೊಪ್ಪಿನ ಹೊರೆ ಹೊತ್ಕೊಂಡು ಬಂದರೆ ಜಗಲಿ ಮೇಲೆ ನಮ್ಮ ಅಣ್ಣನ ಮಗ ಕೂತಿದ್ದ. ಪಕ್ಕದಲ್ಲಿ ಬಿಳಿ ಶರ್ಟಿನ ಒಬ್ಬ ಬ್ರೋಕರು, ಅವರ ಕೈಯಲ್ಲೊಂದು ಫೈಲು.

"ಚಿಕ್ಕಪ್ಪ, ಈ ಕಡೆಗೂ ಟೊಯೋಟಾ ತರದ್ದು ಕಾರ್ ಕಂಪ್ನಿ ಬತ್ತುದಂತೆ. ಎಕರೆಗೆ ಮೂವತ್ತೈದು ಲಕ್ಷ ಕೊಡ್ತರಂತೆ. ನೀನೊಂದು ಸೈನ್ ಹಾಕ್ಬುಡು, ಮಿಕ್ಕಿದ್ದು ನಾ ನೋಡ್ಕತೀನಿ" ಅಂದ.

ಜಮೀನು ಜಂಟಿ. 2 ಎಕರೆ 30 ಗುಂಟೆ. ಅಣ್ಣ ತೀರಿಕೊಂಡು ಆರು ವರ್ಷ ಆಯ್ತು, ಪಹಣಿಯಲ್ಲಿ ಇನ್ನೂ ಅವನ ಹೆಸರೂ ನನ್ನ ಹೆಸರೂ ಇದೆ. ನನ್ನ ಸಹಿ ಇಲ್ಲದೆ ನಡೆಯಲ್ಲ. ನಾನು ಅವತ್ತು ಸಹಿ ಹಾಕಲಿಲ್ಲ. ಆಮೇಲಿಂದ ಅವನು ನಮ್ಮ ಮನೆ ಕಡೆ ತಲೆ ಹಾಕಿಲ್ಲ, ಅತ್ತಿಗೆಯೂ ಮಾತಾಡಿಲ್ಲ. ಊರಲ್ಲಿ "ಇವನೊಬ್ಬ ಅಡ್ಡಗಾಲು" ಅಂತ ಮಾತು ಎದ್ದಿದೆ. ಅದಕ್ಕೇ ಎಲ್ಲರ ಮುಂದೆ ಬರೀತಿದ್ದೀನಿ. ನಾನು ಎಸ್‌ಎಸ್‌ಎಲ್‌ಸಿ ಪಾಸು ಅಷ್ಟೇ, ಆದರೆ ಲೆಕ್ಕ ಬರುತ್ತೆ.

ಮೊದಲು ಆ ಟೊಯೋಟಾ ಅನ್ನೋದು ಏನು ಅಂತ ನೋಡೋಣ. ನಮ್ಮಲ್ಲಿ ಎಲ್ಲರೂ ಆ ಹೆಸರು ಹೇಳ್ತಾರೆ, ಲೆಕ್ಕ ಯಾರೂ ಹೇಳಲ್ಲ.

ಕೊಳ್ಳೇಗಾಲದಲ್ಲೇ ಗೂಡಿನ ಮಾರುಕಟ್ಟೆ ಇದ್ದರೂ ನಾಲ್ಕು ಕಾಸಿನ ಆಸೆಗೆ ನಾನು ಎಷ್ಟೋ ಸಲ ರಾಮನಗರಕ್ಕೆ ಗೂಡು ಹಾಕಿದ್ದೀನಿ. ರಾಮನಗರದಿಂದ ಬೆಂಗಳೂರು ಕಡೆಗೆ ಇನ್ನೊಂದು ಹದಿನೈದು ಕಿಲೋಮೀಟರ್ ಹೋದರೆ ಬಿಡದಿ. ರಸ್ತೆಯಲ್ಲಿ ಹೊಸ ಇನ್ನೋವಾಗಳನ್ನು ಸಾಲಾಗಿ ತುಂಬಿಕೊಂಡು ಹೋಗೋ ಉದ್ದನೆ ಲಾರಿಗಳು ಕಾಣ್ತವೆ. ಒಂದು ಸಲ ಪಕ್ಕದೂರಿನವರ ಮಗನನ್ನು ಅಲ್ಲಿನ ತರಬೇತಿ ಶಾಲೆಗೆ ಬಿಡಲು ಜೊತೆಗೆ ಹೋಗಿದ್ದೆ. ಕಾಂಪೌಂಡು ಮುಗಿಯೋದೇ ಇಲ್ಲ.

ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಶುರುವಾಗಿದ್ದು 1997ರಲ್ಲಿ. ನಮ್ಮ ಚಾಮರಾಜನಗರ ಜಿಲ್ಲೆ ಆಗಿದ್ದೂ ಅದೇ ವರ್ಷ. ಬಿಡದಿಯಲ್ಲಿ ಅವರ ಜಾಗ 432 ಎಕರೆ. 1999ರ ಕೊನೆಗೆ ಮೊದಲ ಗಾಡಿ ಕ್ವಾಲಿಸ್ ಹೊರಬಂತು. 2005ರಲ್ಲಿ ಇನ್ನೋವಾ ಬಂತು. 2010ರಲ್ಲಿ ಅದೇ ಜಾಗದಲ್ಲಿ ಎಟಿಯೋಸ್‌ಗೆ ಅಂತ ಎರಡನೇ ಕಾರ್ಖಾನೆ ಎದ್ದಿತು. ಎರಡೂ ಸೇರಿ ವರ್ಷಕ್ಕೆ 3 ಲಕ್ಷಕ್ಕಿಂತ ಹೆಚ್ಚು ಗಾಡಿ ಮಾಡೋ ಶಕ್ತಿ. ಈಗ ಮಾರುತಿಯವರ ಗ್ರ್ಯಾಂಡ್ ವಿಟಾರಾ ಕೂಡ ಅಲ್ಲೇ ತಯಾರಾಗುತ್ತೆ. 2023ರ ನವೆಂಬರ್‌ನಲ್ಲಿ ಬಿಡದಿಯಲ್ಲೇ ಮೂರನೇ ಕಾರ್ಖಾನೆಗೆ ಸರ್ಕಾರದ ಜೊತೆ ಒಪ್ಪಂದ ಆಯ್ತು. ಬಂಡವಾಳ 3,300 ಕೋಟಿ.

ಈ ಕಂಪನಿಯ ಪಾಲು ಹೇಗಿದೆ ಗೊತ್ತಾ? ನೂರಕ್ಕೆ 89 ಜಪಾನಿನ ಟೊಯೋಟಾದ್ದು, 11 ಕಿರ್ಲೋಸ್ಕರ್ ಅವರದ್ದು. ಕೂಡಿ ನೋಡಿ. ನೂರಕ್ಕೆ ನೂರು ಹಂಚಿ ಮುಗಿದಿದೆ. ನೆಲ ಕೊಟ್ಟವನಿಗೆ ಅಂತ ಅರ್ಧ ಪಾಲೂ ಉಳಿದಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ದುಡ್ಡು ಹಾಕಿದವನು ಪ್ರತಿ ವರ್ಷ ಲಾಭ ತಗೋತಾನೆ. ತಂತ್ರಜ್ಞಾನ ಕೊಟ್ಟವನು ಅದಕ್ಕೂ ಕಾಸು ತಗೋತಾನೆ. ನೆಲ ಹೋದವನಿಗೆ ಮಾತ್ರ ಒಂದು ಸಲ ಪರಿಹಾರ, ಅಲ್ಲಿಗೆ ಮುಗೀತು. ಮೊದಲನೇ ಕಾರ್ಖಾನೆಗೆ ಕೊಟ್ಟ ನೆಲದ ಮೇಲೆ ಹತ್ತು ವರ್ಷ ಆದ ಮೇಲೆ ಎರಡನೇ ಕಾರ್ಖಾನೆ ಬಂದರೆ, ಆ ನೆಲದ ಹಳೇ ಒಡೆಯನಿಗೆ ಒಂದು ಪೈಸೆ ಹೆಚ್ಚು ಬರಲ್ಲ. ಕಾನೂನು ಇರೋದೇ ಹಾಗೆ. ಇದು ಟೊಯೋಟಾ ಒಬ್ಬರ ತಪ್ಪು ಅಂತ ನಾನು ಹೇಳ್ತಿಲ್ಲ. ಅವರು ಸರ್ಕಾರ ಕೊಟ್ಟಿದ್ದನ್ನು ತಗೊಂಡರು. ಕೇಳಬೇಕಾದ್ದನ್ನು ನಾವು ಕೇಳಲಿಲ್ಲ, ನಮ್ಮ ಪರವಾಗಿ ಕೇಳಬೇಕಾದವರೂ ಕೇಳಲಿಲ್ಲ.

ಇನ್ನು ಕೆಲಸದ ಮಾತು. "ಕಂಪನಿ ಬಂದರೆ ಮನೆಗೊಂದು ಕೆಲಸ" ಅಂತ ಬ್ರೋಕರು ಹೇಳಿದರು. ಮೂರನೇ ಕಾರ್ಖಾನೆಗೆ 3,300 ಕೋಟಿ ಹಾಕಿ ಸುಮಾರು 2,000 ಕೆಲಸ ಅಂತ ಅವತ್ತು ಹೇಳಿದ್ದು. ಭಾಗಿಸಿ ನೋಡಿ. ಒಂದು ಕೆಲಸಕ್ಕೆ 1 ಕೋಟಿ 65 ಲಕ್ಷ ರೂಪಾಯಿ. ಅಷ್ಟು ದುಡ್ಡು ಹಾಕಿ ಮಿಷನ್ ತರೋರು, ಆ ಮಿಷನ್ ಮುಂದೆ ನಮ್ಮ ಹನೂರು ಕಡೆ ಮುಸುಕಿನ ಜೋಳ ಮುರಿಯೋನನ್ನ ಕರೆದು ನಿಲ್ಲಿಸ್ತಾರಾ? ಐಟಿಐ, ಡಿಪ್ಲೊಮಾ ಕೇಳ್ತಾರೆ. ಕೇಳೋದು ಸರಿಯೇ. ಆದರೆ ನೆಲ ಕೊಟ್ಟವನಿಗೆ ಐವತ್ತು ವರ್ಷ, ನನ್ನ ಹಾಗೆ. ಅವನಿಗೆ ಸಿಗೋದು ಗೇಟಿನ ಹೊರಗೆ ಸೆಕ್ಯುರಿಟಿ ಕೆಲಸ, ಅದೂ ಕಂಟ್ರಾಕ್ಟರ್ ಕೈಕೆಳಗೆ.

ಒಂದು ಮಾತು ಒಪ್ಪಿಕೊಳ್ತೀನಿ. ಎಕರೆ ಲೆಕ್ಕಕ್ಕೆ ನಿಂತರೆ ಕಾರ್ಖಾನೆಯೇ ಗೆಲ್ಲುತ್ತೆ. ಒಂದು ಎಕರೆ ಹಿಪ್ಪುನೇರಳೆ ಎರಡು ಮೂರು ಜನಕ್ಕೆ ವರ್ಷವಿಡೀ ಕೆಲಸ ಕೊಟ್ಟರೆ ಹೆಚ್ಚು, ಒಂದು ಎಕರೆ ಕಾರ್ಖಾನೆ ಅದಕ್ಕಿಂತ ಬಹಳ ಜನಕ್ಕೆ ಕೊಡುತ್ತೆ. ಆದರೆ ಆ ಜನ ಯಾರು, ಎಲ್ಲಿಯವರು, ಕಾಯಂ ಎಷ್ಟು, ಟ್ರೈನಿ ಎಷ್ಟು, ಕಂಟ್ರಾಕ್ಟ್ ಎಷ್ಟು ಅನ್ನೋದನ್ನ ಬರೆದು ಕೊಡೋ ಬ್ರೋಕರನ್ನ ನಾನಿನ್ನೂ ನೋಡಿಲ್ಲ.

ನನ್ನ ಸಣ್ಣ ಮಗನೇ ಐಟಿಐ ಮುಗಿಸಿ ಬೆಂಗಳೂರು ಕಡೆ ಒಂದು ಬಿಡಿಭಾಗದ ಫ್ಯಾಕ್ಟರಿಗೆ ಹೋಗಿದ್ದ. ಯಾವ ಕಂಪನಿ ಅಂತ ಬರೆಯಲ್ಲ. ಟೊಯೋಟಾ ಅಲ್ಲ, ಅವರ ಪೈಕಿಯದ್ದೂ ಅಲ್ಲ. ಮೂರು ವರ್ಷ ಟ್ರೈನಿ ಅಂತಲೇ ಇಟ್ಟುಕೊಂಡು, ಕಾಯಂ ಮಾಡೋ ಹೊತ್ತಿಗೆ "ಅವಧಿ ಮುಗೀತು" ಅಂದರು. ಅವನ ಜಾಗಕ್ಕೆ ಹೊಸ ಟ್ರೈನಿ. ಮನೆಗೆ ಬಂದಾಗ ಅವನ ಬ್ಯಾಗಲ್ಲಿ ಇದ್ದಿದ್ದು ಎರಡು ಜೊತೆ ಯೂನಿಫಾರ್ಮು, ಒಂದು ಸರ್ಟಿಫಿಕೇಟು. ಬಂದು ಇಳಿದಿದ್ದು ಈ ಜಮೀನಿಗೇ. ಈಗ ಚಾಕಿಯಿಂದ ಹಿಡಿದು ಚಂದ್ರಿಕೆಗೆ ಬಿಡೋ ತನಕ ಅವನದ್ದೇ ಕೆಲಸ. ಜಮೀನು ಮಾರಿದ್ದರೆ ಅವನು ಎಲ್ಲಿಗೆ ಇಳೀತಿದ್ದ? ಹನೂರು ಕಡೆ ಎಷ್ಟು ಮನೆಗಳಲ್ಲಿ ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಹೋಗಿ, ಕೊರೋನಾ ಬಂದಾಗ ವಾಪಸ್ ಬಂದರು ನೆನಪು ಮಾಡ್ಕೊಳ್ಳಿ.

ಕಾಯಂ ಆದವರ ಕಥೆಯೂ ಸುಲಭ ಅಲ್ಲ. ಬಿಡದಿಯಲ್ಲಿ 2014ರ ಮಾರ್ಚ್‌ನಲ್ಲಿ ಸಂಬಳದ ಮಾತುಕತೆ ಮುರಿದು ಲಾಕೌಟ್ ಆಗಿತ್ತು. 2020ರ ನವೆಂಬರ್‌ನಲ್ಲಿ ಯೂನಿಯನ್ ಮುಖಂಡರೊಬ್ಬರ ಅಮಾನತಿನಿಂದ ಶುರುವಾದ ಜಗಳ ಧರಣಿ ಆಗಿ, ಲಾಕೌಟ್ ಆಗಿ, ಸರ್ಕಾರ ಎರಡನ್ನೂ ನಿಷೇಧಿಸಿ, ಮತ್ತೆ ಲಾಕೌಟ್ ಆಗಿ, 2021ರ ಮಾರ್ಚ್ ತನಕ ಎಳೀತು. ಕೆಲಸದ ಹೊರೆ ಜಾಸ್ತಿ ಅನ್ನೋದು ಕಾರ್ಮಿಕರ ದೂರು, ಶಿಸ್ತು ಮುರಿದರು ಅನ್ನೋದು ಕಂಪನಿ ಮಾತು. ಯಾರದ್ದು ಸರಿ ಅಂತ ಹೇಳೋಕೆ ನಾನು ಯಾರು. ಆದರೆ ಸಾವಿರಾರು ಕಾಯಂ ಕಾರ್ಮಿಕರಿದ್ದು, ಅವರಿಗೆ ಯೂನಿಯನ್ ಇದ್ದೂ ನಾಲ್ಕು ತಿಂಗಳು ಬೀದಿಯಲ್ಲಿ ಕೂರಬೇಕಾಯ್ತು. ನೆಲ ಕೊಟ್ಟವನಿಗೆ ಯಾವ ಯೂನಿಯನ್ ಇದೆ?

ಅದೇ 2020ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿಯ ಉಪಾಧ್ಯಕ್ಷರು ಒಬ್ಬರು "ಇಲ್ಲಿ ತೆರಿಗೆ ಜಾಸ್ತಿ, ನಾವು ಇನ್ನು ವಿಸ್ತರಣೆ ಮಾಡಲ್ಲ" ಅಂತ ಒಂದು ಮಾತಾಡಿದರು. ತಕ್ಷಣ ದೆಹಲಿಯಲ್ಲಿ ಮಂತ್ರಿಗಳು ಉತ್ತರ ಕೊಟ್ಟರು. ಕಂಪನಿಯ ದೊಡ್ಡವರು "ಇಲ್ಲ, 2,000 ಕೋಟಿಗೂ ಹೆಚ್ಚು ಹಾಕ್ತೀವಿ" ಅಂತ ಸಮಾಧಾನ ಹೇಳಿದರು. ಅದೇ ತಿಂಗಳು ಪಾರ್ಲಿಮೆಂಟಿನಲ್ಲಿ ಮೂರು ಕೃಷಿ ಕಾಯ್ದೆ ಪಾಸಾದವು. ರೈತರ ಮಾತಿಗೆ ಉತ್ತರ ಸಿಗೋಕೆ ದೆಹಲಿ ಗಡಿಯಲ್ಲಿ ಒಂದು ವರ್ಷ ಕೂರಬೇಕಾಯ್ತು. ನಮ್ಮ ರಾಜ್ಯದಲ್ಲೂ ಅದೇ ವರ್ಷ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದರು. ಅಂದರೆ ಕೃಷಿಕರಲ್ಲದವರೂ ನಮ್ಮ ಹೊಲ ನೇರವಾಗಿ ಕೊಳ್ಳಬಹುದು. ಬಿಳಿ ಶರ್ಟಿನವರು ನಮ್ಮ ಜಗಲಿ ತನಕ ಬರೋ ದಾರಿ ಅಗಲ ಆಗಿದ್ದು ಅವತ್ತು.

ಇನ್ನು ನಿಜವಾಗಲೂ ಕಾರ್ ಕಂಪನಿ ಇಲ್ಲಿಗೆ ಬರುತ್ತಾ? ನೀವೇ ಯೋಚನೆ ಮಾಡಿ.

ಬಿಡದಿಗೆ ಬೆಂಗಳೂರು ಕೂಗಳತೆ ದೂರ. ಮೈಸೂರು ರಸ್ತೆ ಇದೆ, ರೈಲು ಇದೆ. ನಮಗೆ? ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಚಾಮರಾಜನಗರಕ್ಕೆ ಸುಮಾರು 142 ಕಿಲೋಮೀಟರ್ ರೈಲು ಮಾರ್ಗ ಮಂಜೂರಾಗಿದ್ದು 1996-97ರಲ್ಲಿ. ಹೆಜ್ಜಾಲ ಎಲ್ಲಿದೆ ಗೊತ್ತಲ್ಲ, ಬಿಡದಿ ಪಕ್ಕದ ಸ್ಟೇಷನ್ನು. ಆ ಕಡೆ ಕಾರ್ಖಾನೆ ಬಂತು, ಲಕ್ಷಗಟ್ಟಲೆ ಕಾರು ಹೊರಗೆ ಬಂದವು. ಈ ಕಡೆ ಬರಬೇಕಾದ ಹಳಿ ಇನ್ನೂ ಬರಲಿಲ್ಲ. ನನಗೆ ಮೀಸೆ ಚಿಗುರೋ ಕಾಲಕ್ಕೂ ಕೊಳ್ಳೇಗಾಲದಲ್ಲಿ ರೈಲಿರಲಿಲ್ಲ, ಮೀಸೆ ಬೆಳ್ಳಗಾದರೂ ಇಲ್ಲ.

ಟೊಯೋಟಾದವರೇ 2024ರ ಜುಲೈನಲ್ಲಿ ಮಹಾರಾಷ್ಟ್ರದ ಜೊತೆ ಸುಮಾರು 20,000 ಕೋಟಿಯ ಒಪ್ಪಂದ ಮಾಡಿಕೊಂಡರು, ಔರಂಗಾಬಾದ್ ಅಂತಿದ್ದ ಸಂಭಾಜಿನಗರದ ಕಡೆ ಕಾರ್ಖಾನೆಗೆ. ಅಷ್ಟು ದೊಡ್ಡ ಕಂಪನಿ ಎಲ್ಲಿ ರಸ್ತೆ, ನೀರು, ಕರೆಂಟು, ಜಾಗ ಮೊದಲೇ ಸಿದ್ಧ ಮಾಡಿ ಇಟ್ಟಿರ್ತಾರೋ ಅಲ್ಲಿಗೆ ಹೋಗುತ್ತೆ. ನಮ್ಮ ಜಿಲ್ಲೆಯಲ್ಲೇ ಬದನಗುಪ್ಪೆ, ಕೆಲ್ಲಂಬಳ್ಳಿ ಹತ್ತಿರ ಕೆಐಎಡಿಬಿಯವರ ಸಾವಿರ ಎಕರೆಗೂ ದೊಡ್ಡ ಕೈಗಾರಿಕಾ ಪ್ರದೇಶ ಇದೆ. ಬಿರ್ಲಾ ಓಪಸ್ ಬಣ್ಣದ ಕಾರ್ಖಾನೆ ಬಂದಿದ್ದು ಅಲ್ಲಿಗೇ. ಮನೆಗೆ ಬರೋ ಬ್ರೋಕರಿಗೆ ಮೊದಲು ಇದನ್ನೇ ಕೇಳಿ: ಅಲ್ಲಿ ಜಾಗ ಎಲ್ಲಾ ತುಂಬಿ ಹೋಯ್ತಾ, ನಮ್ಮ ಹಿಪ್ಪುನೇರಳೆ ತೋಟಕ್ಕೆ ಬಂದಿರಿ?

ಬಿಡದಿ ಸುತ್ತಲಿನ ರೈತರನ್ನೇ ನೋಡಿ. ಒಂದು ಸಲ ಕೈಗಾರಿಕೆ ಬಂದ ಮೇಲೆ ಅಲ್ಲಿಗೆ ನಿಲ್ಲಲಿಲ್ಲ. 2025ರಲ್ಲಿ ಟೌನ್‌ಶಿಪ್‌ಗೆ ಅಂತ ಸುಮಾರು 9 ಸಾವಿರ ಎಕರೆಗೆ ಕೈ ಹಾಕಿದ್ದಾರೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಹೋರಾಟಕ್ಕೆ ಕೂತರು. ಅವರೂ ನಮ್ಮ ಹಾಗೆ ರೇಷ್ಮೆ, ಹಾಲು ನಂಬಿದವರು.

ಈಗ ನಮ್ಮ ಹುಡುಗನ ಮಾತಿಗೆ ಬರ್ತೀನಿ. ಅವನು ದಡ್ಡ ಅಲ್ಲ. ಅವನು ಕೇಳಿದ ಪ್ರಶ್ನೆ ಇದು:

"ಚಿಕ್ಕಪ್ಪ, ನಿನ್ನ ಭಾಗ 1 ಎಕರೆ 15 ಗುಂಟೆಗೆ 48 ಲಕ್ಷ ಬತ್ತುದ. ಬ್ಯಾಂಕಲ್ಲಿ ಮಡಗಿದ್ರೆ ವರ್ಸಕ್ಕೆ ಮೂರು ಲಕ್ಷದ ಮೇಲೆ ಬಡ್ಡಿ. ಹುಳ ಸಾಕಿ ನೀನು ಎಷ್ಟು ನೋಡ್ದೆ?"

ನಿಜ ಹೇಳ್ತೀನಿ. ವರ್ಷಕ್ಕೆ ಐದು ಬೆಳೆ, ಅದರಲ್ಲಿ ಒಂದು ಕೈ ಕೊಡುತ್ತೆ. ಮೊಟ್ಟೆ, ಗೊಬ್ಬರ, ಆಳು, ಔಷಧಿ ಕಳೆದು ನನಗೆ ಉಳಿಯೋದು ಒಂದೂಕಾಲು, ಒಂದೂವರೆ ಲಕ್ಷ. ಅವನ ಲೆಕ್ಕ ತಪ್ಪಲ್ಲ. ಆ ಹೊತ್ತಿಗೆ ನನಗೆ ಉತ್ತರ ಹೊಳೀಲಿಲ್ಲ, ಸೊಪ್ಪು ಹಾಕೋಕೆ ಒಳಗೆ ಹೋದೆ.

ರಾತ್ರಿ ಆ ಫೈಲಿನ ಫೋಟೋ ತೆಗೆದಿದ್ದನ್ನ ಮಗನ ಮೊಬೈಲಲ್ಲಿ ದೊಡ್ಡದು ಮಾಡಿ ಓದಿದೆ. ಮುಂಗಡ 2 ಲಕ್ಷ, ಇಬ್ಬರಿಗೂ ಸೇರಿ. ಮಿಕ್ಕಿದ್ದು 24 ತಿಂಗಳೊಳಗೆ. ಅಲ್ಲಿಯವರೆಗೆ ಜಮೀನಿನ ಎಲ್ಲ ವ್ಯವಹಾರಕ್ಕೂ ಅವರು ಹೇಳಿದವರಿಗೆ ಜಿಪಿಎ ಕೊಡಬೇಕು. ಹುಡುಕಿ ಹುಡುಕಿ ನೋಡಿದೆ, ಇಡೀ ಕಾಗದದಲ್ಲಿ ಯಾವ ಕಾರ್ ಕಂಪನಿಯ ಹೆಸರೂ ಇಲ್ಲ. ಅಂದರೆ 48 ಲಕ್ಷ ಬಾಯಲ್ಲಿದೆ, ಕೈಗೆ ಬರೋದು ನನಗೊಂದು ಲಕ್ಷ ಅವನಿಗೊಂದು ಲಕ್ಷ. ಕಂಪನಿ ಬಂದರೆ ಲಾಭ ಜಿಪಿಎ ಇದ್ದವನಿಗೆ. ಬರಲಿಲ್ಲ ಅಂದರೆ ಎರಡು ವರ್ಷ ನಮ್ಮ ಜಮೀನು ಕಟ್ಟಿ ಹಾಕಿದ ಹಸು. ಹಾಲು ಕರೆಯೋ ಹಾಗಿಲ್ಲ, ಸಂತೆಗೆ ಹೊಡೆಯೋ ಹಾಗಿಲ್ಲ. ಬ್ಯಾಂಕ್ ಬಡ್ಡಿ ಲೆಕ್ಕ ಹಾಕೋಕೆ ಮೊದಲು ಬ್ಯಾಂಕಿಗೆ ಹಾಕೋ ದುಡ್ಡು ಬರಬೇಕಲ್ಲ ಮಗನೇ.

ಹಾಗಂತ ನಾನು ಕಾರ್ಖಾನೆಯೇ ಬೇಡ ಅನ್ನೋನಲ್ಲ. ಟೊಯೋಟಾದವರ ಒಂದು ಕೆಲಸವನ್ನ ಮನಸಾರೆ ಹೊಗಳ್ತೀನಿ. 2007ರಲ್ಲಿ ಬಿಡದಿಯಲ್ಲೇ ತರಬೇತಿ ಶಾಲೆ ಶುರು ಮಾಡಿದರು. ಎಸ್‌ಎಸ್‌ಎಲ್‌ಸಿ ಆದ ಹಳ್ಳಿಯ ಬಡ ಮಕ್ಕಳನ್ನ ಆರಿಸಿಕೊಂಡು ಮೂರು ವರ್ಷ ಊಟ, ವಸತಿ ಕೊಟ್ಟು ವೆಲ್ಡಿಂಗು, ಪೇಂಟಿಂಗು, ಜೋಡಣೆ, ಮೆಕಾಟ್ರಾನಿಕ್ಸ್ ಕಲಿಸ್ತಾರೆ. ನಾನು ಬಿಟ್ಟು ಬಂದ ಆ ಹುಡುಗ ಈಗ ಊರಿಗೆ ಬಂದರೆ ಮಾತಿನ ಧಾಟಿಯೇ ಬೇರೆ. ಅವನೇ ಹೇಳಿದ್ದು: ಟೊಯೋಟಾ ಲೈನಲ್ಲಿ ಒಂದು ಹಗ್ಗ ಇರುತ್ತಂತೆ. ತಪ್ಪು ಕಂಡ ಯಾವ ಕೆಲಸಗಾರನಾದರೂ ಆ ಹಗ್ಗ ಎಳೀಬಹುದು, ಮೇಲಿನವರು ಓಡಿ ಬರ್ತಾರೆ, ಸರಿ ಆಗಲಿಲ್ಲ ಅಂದರೆ ಇಡೀ ಲೈನು ನಿಲ್ಲುತ್ತೆ. ತಪ್ಪು ಮುಂದಕ್ಕೆ ಹೋಗಬಾರದು ಅನ್ನೋದು ಅವರ ನೇಮ. ಒಳ್ಳೇ ನೇಮ. ನನ್ನ ಸಹಿ ತಡೆ ಹಿಡಿದಿದ್ದೂ ಅಷ್ಟೇ ಅಂತ ತಿಳ್ಕೊಳ್ಳಿ.

ಸರ್ಕಾರಕ್ಕೆ ನಿಜವಾಗಿ ಕಾರ್ಖಾನೆ ತರೋ ಮನಸ್ಸಿದ್ದರೆ ನಾವು ಕೇಳಬೇಕಾದ್ದು ಇಷ್ಟು:

1. ಕ್ರಯ ಬೇಡ, ಗುತ್ತಿಗೆ ಕೊಡಿ. ಆಗಲ್ಲ ಅಂತ ಯಾರಾದರೂ ಅಂದರೆ ಪಾವಗಡ ತೋರಿಸಿ. ಅಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆಯನ್ನ ರೈತರಿಂದ ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, ಪಹಣಿ ರೈತನ ಹೆಸರಲ್ಲೇ. ಒಣ ಭೂಮಿಯ ರೇಟು ಅದು, ನಮ್ಮ ನೀರಾವರಿಗೆ ಹೆಚ್ಚು ಕೇಳಬೇಕು. ಅಲ್ಲೂ ಹುಳುಕಿದೆ, ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯ್ತು, ಅವರಿಗೆ ಗುತ್ತಿಗೆ ದುಡ್ಡೂ ಇಲ್ಲ. ನಾವು ಕೇಳೋವಾಗ ಅವರನ್ನೂ ಸೇರಿಸಿ ಕೇಳಬೇಕು.

2. ಕಾಯಂ ಕೆಲಸ ಎಷ್ಟು, ಯಾವ ಊರಿಗೆ ಎಷ್ಟು ಅಂತ ಒಪ್ಪಂದದಲ್ಲೇ ಬರೆಯಬೇಕು. ಟ್ರೈನಿ ಲೆಕ್ಕ ಬೇರೆ ಬರೆಯಬೇಕು.

3. ಕಾರ್ಖಾನೆಗೆ ಮೂರು ವರ್ಷ ಮೊದಲು ಇಲ್ಲಿ ತರಬೇತಿ ಶಾಲೆ ಶುರುವಾಗಬೇಕು. ಮಕ್ಕಳು ಕಲಿತು ಮುಗಿಸೋ ಹೊತ್ತಿಗೆ ಗೇಟು ತೆರೀಬೇಕು.

4. ಅದಕ್ಕೂ ಮೊದಲು ಆ ರೈಲು.

ಸಹಿ ಕೇಳಿಕೊಂಡು ನಿಮ್ಮ ಮನೆಗೆ ಬಂದರೆ ಮಾಡಬೇಕಾದ್ದನ್ನೂ ಬರೀತೀನಿ. ಜಿಪಿಎಗೆ ಸಹಿ ಹಾಕಲೇಬೇಡಿ. ಕಾಗದದ ಫೋಟೋ ತಗೊಂಡು ತಿಳಿದವರಿಗೆ, ವಕೀಲರಿಗೆ ತೋರಿಸಿ. ತಾತನ ಹೆಸರಲ್ಲೇ ಪಹಣಿ ಇರೋರು ಈಗಲೇ ಪೌತಿ ಖಾತೆ ಮಾಡಿಸಿ, ಪೋಡಿ ಆಗದಿದ್ದರೆ ಅರ್ಜಿ ಹಾಕಿ. ಹನೂರು ಕಡೆ ಇದು ಬಹಳ ಬಾಕಿ ಇದೆ. ನಾಳೆ ನಿಜವಾಗಲೂ ಭೂಸ್ವಾಧೀನ ಆದರೆ ಹೆಸರಿಲ್ಲದವನ ಪರಿಹಾರ ಕೋರ್ಟಲ್ಲಿ ಕೊಳೆಯುತ್ತೆ. ಸರ್ಕಾರ ಕೈಗಾರಿಕೆಗೆ ಜಮೀನು ತಗೋಬೇಕಾದರೆ 1966ರ ಕೆಐಎಡಿ ಕಾಯ್ದೆಯ 28(1)ರಲ್ಲಿ ನೋಟಿಸು ಕೊಡುತ್ತೆ. ತಕರಾರು ಹೇಳೋಕೆ 30 ದಿನ ಇರುತ್ತೆ. ಆ 30 ದಿನ ಬಿಟ್ಟರೆ ಕೆಟ್ಟಿರಿ, 28(4) ಆದ ಮೇಲೆ ಜಮೀನು ಸರ್ಕಾರದ್ದು. ಇವತ್ತು ಕೈಯಲ್ಲಿ ಅಂಥ ಯಾವ ನೋಟಿಸೂ ಇಲ್ಲದೆ ಬರೀ "ಬರುತ್ತಂತೆ" ಅಂತ ಬರೋರ ಹತ್ತಿರ ಇರೋದು ಅಂತೆಕಂತೆ ಮಾತ್ರ.

ಕೊನೆಯದಾಗಿ ನಮ್ಮ ಹುಡುಗನಿಗೆ. ನೀನು ಇದನ್ನ ಓದ್ತೀಯ ಅಂತ ಗೊತ್ತು. ನಿನ್ನ ಭಾಗ ನಿನ್ನದೇ, ಅದರಲ್ಲಿ ನನ್ನ ಮಾತಿಲ್ಲ. ಬಾ, ಪೌತಿ ಖಾತೆ ಮಾಡಿಸಿ ಅಳತೆ ಹಾಕಿಸಿ ಭಾಗ ಮಾಡ್ಕೊಳ್ಳೋಣ, ಸರ್ವೆ ಖರ್ಚು ನಾನೇ ಕೊಡ್ತೀನಿ. ಆಮೇಲೂ ಮಾರಬೇಕು ಅನ್ನಿಸಿದರೆ ಪೂರ್ತಿ ದುಡ್ಡು ಬ್ಯಾಂಕಿಗೆ ಬಂದ ದಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮಾರು. ನಿಮ್ಮಪ್ಪ ಆ ಬೋರ್‌ವೆಲ್ ಕೊರೆಸಿದ ದಿನ ನೀನು ಇನ್ನೂ ತೊಟ್ಟಿಲಲ್ಲಿದ್ದೆ. ಒಂದು ಲಕ್ಷ ಮುಂಗಡಕ್ಕೆ ಅದನ್ನ ಕೊಡಬೇಡ. ನಾಳಿದ್ದು ಹುಳ ಹಣ್ಣಾಗ್ತವೆ, ಚಂದ್ರಿಕೆಗೆ ಬಿಡೋಕೆ ಕೈ ಸಾಲದು. ಅಮ್ಮನ್ನೂ ಕರ್ಕೊಂಡು ಬಾ, ಊಟ ಇಲ್ಲೇ.

ಮಿಕ್ಕವರು ನಿಮ್ಮ ಊರಿಗೂ ಈ ಫೈಲು ಬಂದಿದ್ದರೆ ಕೆಳಗೆ ಬರೆಯಿರಿ. ಯಳಂದೂರು, ಹನೂರು, ಕೊಳ್ಳೇಗಾಲ ಮೂರೂ ಕಡೆಯವರು ಒಂದು ಕಡೆ ಕೂತು ಮಾತಾಡೋಣ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ, ಬೇಜಾರಿಲ್ಲ.